ಆಂಟಿವೈರಸ್ ಕಿವಿಗೂ ಕೇಳಿಸಬೇಕು

‘ಲ್ಯಾಪ್‌ಟಾಪ್‌ಗೆ ಆಂಟಿವೈರಸ್ ಹಾಕ್ಸಿದ್ಯೇನಪ್ಪಾ?’ ಹೊಸ ಲ್ಯಾಪ್‌ಟಾಪ್ ಮನೆಗೆ ಬಂದ ವಾರದೊಳಗೆ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಅದು ತುಮಕೂರಿನ ಎಂ.ಜಿ. ರಸ್ತೆಯಲ್ಲಿ ಕೊಂಡದ್ದಿರಲಿ, ಅಂಧ ವಿದ್ಯಾರ್ಥಿಗಳಿಗೆಂದು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಕೊಡುವ ‘ಟಾಕಿಂಗ್ ಲ್ಯಾಪ್‌ಟಾಪ್’ ಇರಲಿ, ಪ್ರಶ್ನೆ ತಪ್ಪುವುದಿಲ್ಲ. ಅಂಗಡಿಯ ಹುಡುಗ ಒಂದು ವರ್ಷದ ಲೈಸೆನ್ಸ್ ಇರುವ ಡಬ್ಬಿ ಒಡೆದು, ನಂಬರ್ ಹೊಡೆದು, ‘ಇನ್ನೇನೂ ಯೋಚ್ನೆ ಇಲ್ಲ ಸಾರ್’ ಎಂದು ದುಡ್ಡು ಎಣಿಸಿಕೊಳ್ಳುತ್ತಾನೆ.

ಕಣ್ಣು ಕಾಣುವವರಿಗೆ ಆ ಮಾತು ನಿಜವೇ ಇರಬಹುದು. ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ನಂಬಿ ಕೆಲಸ ಮಾಡುವವರಿಗೆ ಯೋಚನೆ ಶುರುವಾಗುವುದೇ ಆಮೇಲೆ. ಹೊಸ ಆಂಟಿವೈರಸ್ ತೆರೆದು ಟ್ಯಾಬ್ ಒತ್ತುತ್ತಾ ಹೋದರೆ ಎಷ್ಟೋ ಸಲ ಕೇಳಿಸುವುದು ‘ಬಟನ್... ಬಟನ್... ಬಟನ್’ ಅಷ್ಟೇ. ಯಾವುದು ಸ್ಕ್ಯಾನ್, ಯಾವುದು ಡಿಲೀಟ್, ಯಾವುದು ‘ಈಗಲೇ ರಿನ್ಯೂ ಮಾಡಿ’ ಎಂಬುದು ತಿಳಿಯದು. ಇನ್ನು ಕೆಲವು ‘ಪೇನ್’ ಎಂದು ಒಮ್ಮೆ ಉಸುರಿ ಸುಮ್ಮನಾಗುತ್ತವೆ. ಮೂಲೆಯಲ್ಲಿ ಕೆಂಪು ಪೆಟ್ಟಿಗೆಯೊಂದು ಬಂದು, ಐದು ಸೆಕೆಂಡು ಮಿನುಗಿ, ಮಾಯವಾದರೂ ಕೂತವರಿಗೆ ಗೊತ್ತಾಗುವುದಿಲ್ಲ. ಕಳ್ಳ ಬಂದಾಗ ಬೊಗಳದ ನಾಯಿಗೆ ವರ್ಷ ವರ್ಷ ಅನ್ನ ಹಾಕಿದ ಹಾಗೆ.

ಈ ಮೌನಕ್ಕೆ ಕಾರಣ ಇದೆ. ವಿಂಡೋಸ್ ಒದಗಿಸುವ ಮಾಮೂಲಿ ಬಟನ್, ಪಟ್ಟಿಗಳನ್ನು ಬಳಸಿದ ಪ್ರೋಗ್ರಾಂ ಆದರೆ ಸ್ಕ್ರೀನ್ ರೀಡರ್‌ಗೆ ಅವುಗಳ ಹೆಸರು ತಾನಾಗಿ ಸಿಗುತ್ತದೆ. ಅಂದವಾಗಿ ಕಾಣಲೆಂದು ಎಲ್ಲವನ್ನೂ ತಾವೇ ಚಿತ್ರವಾಗಿ ಬಿಡಿಸಿಕೊಂಡವರು ಪ್ರತಿಯೊಂದಕ್ಕೂ ಹೆಸರು ಬರೆದಿರಬೇಕು. ಬರೆಯದಿದ್ದರೆ ಓದಲು ಅಲ್ಲಿ ಏನೂ ಇರುವುದಿಲ್ಲ. ಎರಡನೆಯ ಕಾರಣ ಸ್ವಲ್ಪ ತಮಾಷೆಯದು. ಸ್ಕ್ರೀನ್ ರೀಡರ್ ಬೇರೆ ಪ್ರೋಗ್ರಾಂಗಳ ಒಳಹೊಕ್ಕು ಅಲ್ಲಿರುವುದನ್ನು ಓದುತ್ತದೆ, ನೀವು ಒತ್ತುವ ಪ್ರತಿ ಕೀಯನ್ನೂ ಗಮನಿಸುತ್ತದೆ. ಪಾಸ್‌ವರ್ಡ್ ಕದಿಯುವ ವೈರಸ್ ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ಹೀಗಾಗಿ ಆಂಟಿವೈರಸ್‌ಗೆ ಸ್ಕ್ರೀನ್ ರೀಡರ್ ಮೇಲೆ ಆಗಾಗ ಅನುಮಾನ ಹುಟ್ಟುತ್ತದೆ. ತನ್ನೊಳಗೆ ಯಾರೂ ಕೈಹಾಕದಂತೆ ಅದು ಹಾಕಿಕೊಂಡಿರುವ ಬೀಗ ನಮ್ಮ ಸ್ಕ್ರೀನ್ ರೀಡರ್‌ಗೂ ಬಾಗಿಲು ಮುಚ್ಚಿಬಿಡುತ್ತದೆ.

ಆದ್ದರಿಂದ ಆಂಟಿವೈರಸ್ ಆರಿಸುವಾಗ ‘ಎಷ್ಟು ವೈರಸ್ ಹಿಡಿಯುತ್ತದೆ’ ಎನ್ನುವುದಕ್ಕಿಂತ ಮೊದಲು ಬೇರೆ ಮೂರು ಪ್ರಶ್ನೆ ಕೇಳಬೇಕೆಂಬುದು ನನ್ನ ಅಭಿಪ್ರಾಯ. ವೈರಸ್ ಸಿಕ್ಕಾಗ ಅದು ಕೊಡುವ ಎಚ್ಚರಿಕೆ ಕಿವಿಗೆ ಬೀಳುತ್ತದೆಯೇ? ಹಿಡಿದು ಕೂಡಿಟ್ಟ ಫೈಲ್‌ಗಳ ಪಟ್ಟಿಗೆ ಕೀಬೋರ್ಡ್‌ನಿಂದಲೇ ಹೋಗಿ, ಬೇಕಾದ್ದನ್ನು ವಾಪಸ್ ತರಲು ಆಗುತ್ತದೆಯೇ? ಬೇಡವೆನಿಸಿದರೆ ಇನ್ನೊಬ್ಬರ ಕಣ್ಣಿನ ಸಹಾಯವಿಲ್ಲದೆ ಕಿತ್ತುಹಾಕಬಹುದೇ? ಮೂರಕ್ಕೂ ಹೌದೆನ್ನುವಂತಿದ್ದರೆ ದುಡ್ಡು ಕೊಡಿ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ನಮ್ಮ ಅಂಗಡಿಗಳಲ್ಲಿ ಎಲ್ಲೆಡೆ ಸಿಗುತ್ತವೆ, ಹೊರದೇಶದವೂ ಬೇಕಾದಷ್ಟಿವೆ. ಯಾವುದು ಚೆನ್ನ ಎಂದು ಹೆಸರು ಹಿಡಿದು ಹೇಳಲು ಹೋಗುವುದಿಲ್ಲ. ಇವುಗಳ ಮುಖ ಪ್ರತಿ ಆವೃತ್ತಿಗೂ ಬದಲಾಗುತ್ತದೆ. ಹೋದ ವರ್ಷ ಗೆಳೆಯನ ಲ್ಯಾಪ್‌ಟಾಪಿನಲ್ಲಿ ಮಾತಾಡಿದ್ದು ಈ ವರ್ಷ ನಿಮ್ಮಲ್ಲಿ ಮೂಕವಾಗಿರಬಹುದು. ಟ್ರಯಲ್ ಹಾಕಿ, ನಿಮ್ಮ ಕಿವಿಯಿಂದ ನೋಡಿ, ಆಮೇಲೆ ಮಾತು.

ದುಡ್ಡಿಲ್ಲದೆ ಬಂದಿರುವುದು

ಬಹಳ ಜನರಿಗೆ ಆ ಡಬ್ಬಿಯ ಅಗತ್ಯವೇ ಬೀಳುವುದಿಲ್ಲ. ವಿಂಡೋಸ್ 8ರಿಂದ ಈಚೆಗೆ ಆಂಟಿವೈರಸ್ ವಿಂಡೋಸ್ ಜೊತೆಗೇ ಬರುತ್ತಿದೆ. ಈಗ ಅದರ ಹೆಸರು ಮೈಕ್ರೋಸಾಫ್ಟ್ ಡಿಫೆಂಡರ್. ಬೇರೆ ಆಂಟಿವೈರಸ್ ಹಾಕಿದ ಕೂಡಲೇ ಇದು ತಾನಾಗಿ ಹಿಂದೆ ಸರಿಯುತ್ತದೆ, ಅದನ್ನು ತೆಗೆದರೆ ಮತ್ತೆ ಎದ್ದು ಕೂರುತ್ತದೆ. ಮನೆಯ ಬಳಕೆಗೆ, ಓದಿಗೆ, ಕೆಪಿಎಸ್‌ಸಿ ಅರ್ಜಿ ಹಾಕುವುದಕ್ಕೆ ಇದು ಸಾಕು. ಸ್ಕ್ರೀನ್ ರೀಡರ್ ಬಳಸುವವರಿಗಂತೂ ಇನ್ನೊಂದು ಲಾಭವಿದೆ: ಇದರ ಬಟನ್‌ಗಳಿಗೆಲ್ಲ ಹೆಸರಿದೆ.

ವಿಂಡೋಸ್ ಕೀ ಒತ್ತಿ ಇಂಗ್ಲಿಷಿನಲ್ಲಿ ‘ವಿಂಡೋಸ್ ಸೆಕ್ಯುರಿಟಿ’ ಎಂದು ಟೈಪ್ ಮಾಡಿ ಎಂಟರ್ ಕೊಡಿ. ‘ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್’ ಎಂಬಲ್ಲಿ ಮತ್ತೆ ಎಂಟರ್. ಟ್ಯಾಬ್ ಒತ್ತುತ್ತಾ ಹೋದರೆ ‘ಕ್ವಿಕ್ ಸ್ಕ್ಯಾನ್’, ‘ಸ್ಕ್ಯಾನ್ ಆಪ್ಷನ್ಸ್’, ‘ಪ್ರೊಟೆಕ್ಷನ್ ಹಿಸ್ಟರಿ’ ಒಂದೊಂದಾಗಿ ಕೇಳಿಸುತ್ತವೆ. ಕೊನೆಯದನ್ನು ಚೆನ್ನಾಗಿ ಪರಿಚಯ ಮಾಡಿಕೊಳ್ಳಿ. ಏನು ಸಿಕ್ಕಿತು, ಯಾವಾಗ ಸಿಕ್ಕಿತು, ಅದನ್ನು ಏನು ಮಾಡಲಾಯಿತು ಎಂಬುದೆಲ್ಲ ಅಲ್ಲಿರುತ್ತದೆ. ಒಂದೊಂದು ಸಾಲಿನ ಮೇಲೂ ಎಂಟರ್ ಒತ್ತಿದರೆ ವಿವರ ಬಿಚ್ಚಿಕೊಳ್ಳುತ್ತದೆ, ಕೆಳಗೆ ‘ಆ್ಯಕ್ಷನ್ಸ್’ ಸಿಗುತ್ತದೆ.

ಕಿಟಕಿ, ಟ್ಯಾಬ್ ಎಲ್ಲ ಬೇಸರವಾದರೆ ಪವರ್‌ಶೆಲ್ ತೆರೆಯಿರಿ. ಬರೀ ಅಕ್ಷರಗಳ ಜಾಗವಾದ್ದರಿಂದ ಸ್ಕ್ರೀನ್ ರೀಡರ್‌ಗೆ ಅದು ತವರುಮನೆ. ಅಲ್ಲಿ ‘ಗೆಟ್, ಹೈಫನ್, ಎಂ ಪಿ ಕಂಪ್ಯೂಟರ್ ಸ್ಟೇಟಸ್’ ಎಂದು ನಡುವೆ ಜಾಗ ಬಿಡದೆ ಇಂಗ್ಲಿಷಿನಲ್ಲಿ ಹೊಡೆದರೆ ಉದ್ದದ ಪಟ್ಟಿ ಬರುತ್ತದೆ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಇದ್ದವರು ನಂಬರ್‌ಪ್ಯಾಡಿನ 7 ಮತ್ತು 9 ಒತ್ತಿ ಸಾಲುಸಾಲಾಗಿ ಕೇಳಬಹುದು. ಅದರಲ್ಲಿ ಎರಡೇ ಸಾಲು ಹುಡುಕಿ: ‘ರಿಯಲ್ ಟೈಮ್ ಪ್ರೊಟೆಕ್ಷನ್ ಎನೇಬಲ್ಡ್’ ಎದುರು ‘ಟ್ರೂ’ ಇರಬೇಕು. ‘ಆಂಟಿವೈರಸ್ ಸಿಗ್ನೇಚರ್ ಏಜ್’ ಎದುರಿನ ಅಂಕಿ ವೈರಸ್ ಪಟ್ಟಿ ಎಷ್ಟು ದಿನ ಹಳೆಯದು ಎಂಬುದನ್ನು ಹೇಳುತ್ತದೆ. 0 ಇದ್ದರೆ ಇವತ್ತಿನದು. 15, 20 ಅಂದರೆ ಇಂಟರ್‌ನೆಟ್ ಹಾಕಿ ಅಪ್‌ಡೇಟ್ ಮಾಡಿ.

ವಿಂಡೋಸ್ 10 ಇಟ್ಟುಕೊಂಡವರಿಗೆ ಒಂದು ಮಾತು. ಅದರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಡಿಫೆಂಡರ್‌ನ ವೈರಸ್ ಪಟ್ಟಿ ಅದಕ್ಕೆ ಇನ್ನೂ ಬರುತ್ತಿದೆ, ಆದರೆ ವಿಂಡೋಸ್‌ನ ತೂತು ಮುಚ್ಚುವ ಕೆಲಸ ಬೇರೆ, ವೈರಸ್ ಪಟ್ಟಿ ಬೇರೆ. ವಿಂಡೋಸ್ 7ರಲ್ಲೇ ಉಳಿದವರಿಗೆ ಹೊಸ ಎನ್‌ವಿಡಿಎ ಕೂಡ ಸಿಗುವುದಿಲ್ಲ, 2024.1 ಆವೃತ್ತಿಯಿಂದಲೇ ಅದಕ್ಕೆ ವಿಂಡೋಸ್ 7 ಸಾಲದು.

ಎಚ್ಚರಿಕೆ ಕೇಳಿಸುತ್ತದೆಯೇ? ಪರೀಕ್ಷೆ ಮಾಡಿ

ವೈರಸ್ ಬರುವವರೆಗೆ ಕಾಯಬೇಕಿಲ್ಲ. ಆಂಟಿವೈರಸ್ ಪರೀಕ್ಷೆಗೆಂದೇ ಮಾಡಿರುವ ‘ಐಕಾರ್’ ಎಂಬ ಫೈಲ್ ಇದೆ. ಒಟ್ಟು 68 ಅಕ್ಷರಗಳ ಒಂದು ಸಾಲು, ಅಷ್ಟೇ. ಅದರಲ್ಲಿ ಯಾವ ವೈರಸ್ಸೂ ಇಲ್ಲ, ಏನೂ ಹಾಳು ಮಾಡುವುದಿಲ್ಲ. ಆದರೆ ಇದನ್ನು ಕಂಡರೆ ನಿಜವಾದ ವೈರಸ್ ಕಂಡಂತೆಯೇ ಕೂಗಬೇಕೆಂದು ಆಂಟಿವೈರಸ್ ಕಂಪನಿಗಳು ಒಪ್ಪಿಕೊಂಡಿವೆ. ಐಕಾರ್ ಸಂಸ್ಥೆಯ ಜಾಲತಾಣದಿಂದಲೇ ಅದನ್ನು ಇಳಿಸಿಕೊಳ್ಳಿ, ಬೇರೆಲ್ಲಿಂದಲೂ ಬೇಡ. ಇಳಿಸಿ, ಕೈ ಕೀಬೋರ್ಡ್‌ನಿಂದ ತೆಗೆದು, ಕಿವಿಗೊಡಿ.

ಡಿಫೆಂಡರ್ ಆದರೆ ಸ್ವಲ್ಪ ಹೊತ್ತಿನಲ್ಲಿ ‘ಥ್ರೆಟ್ಸ್ ಫೌಂಡ್’ ಎಂಬ ನೋಟಿಫಿಕೇಷನ್ ಬರುತ್ತದೆ, ಎನ್‌ವಿಡಿಎ ಅದನ್ನು ಒಮ್ಮೆ ಓದುತ್ತದೆ. ಒಂದೇ ಸಲ. ಅಷ್ಟರಲ್ಲಿ ನೀವು ಬೇರೆ ಕೀ ಒತ್ತಿದರೆ ಮಾತು ಅರ್ಧಕ್ಕೇ ಕತ್ತರಿಸಿಹೋಗುತ್ತದೆ. ಕೇಳಿಸಿದ್ದು ಅರ್ಧ ಎನಿಸಿದರೆ ವಿಂಡೋಸ್ 11ರಲ್ಲಿ ವಿಂಡೋಸ್ ಮತ್ತು ಎನ್, 10ರಲ್ಲಿ ವಿಂಡೋಸ್ ಮತ್ತು ಎ ಒತ್ತಿ. ಬಂದ ನೋಟಿಫಿಕೇಷನ್‌ಗಳೆಲ್ಲ ಅಲ್ಲಿ ಪಟ್ಟಿಯಾಗಿರುತ್ತವೆ. ಏನೂ ಕೇಳಿಸಲೇ ಇಲ್ಲವೇ? ‘ಡು ನಾಟ್ ಡಿಸ್ಟರ್ಬ್’ ಆನ್ ಆಗಿದೆಯೇ ನೋಡಿ. ಎನ್‌ವಿಡಿಎ ಸೆಟ್ಟಿಂಗ್ಸ್‌ನ ‘ಆಬ್ಜೆಕ್ಟ್ ಪ್ರೆಸೆಂಟೇಷನ್’ನಲ್ಲಿ ‘ರಿಪೋರ್ಟ್ ನೋಟಿಫಿಕೇಷನ್ಸ್’ಗೆ ಗುರುತು ಇದೆಯೇ ನೋಡಿ.

ಕೆಲವೇ ಜನರಿಗೆ ಗೊತ್ತಿರುವ ಇನ್ನೊಂದು ಅನುಕೂಲ: ನೋಟಿಫಿಕೇಷನ್ ಐದು ಸೆಕೆಂಡಿಗೇ ಓಡಿಹೋಗಬೇಕೆಂಬ ಕಟ್ಟಳೆ ಇಲ್ಲ. ವಿಂಡೋಸ್ ಮತ್ತು ಯು ಒತ್ತಿ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್ಸ್ ತೆರೆಯಿರಿ. ವಿಂಡೋಸ್ 11ರಲ್ಲಿ ‘ವಿಶುಯಲ್ ಎಫೆಕ್ಟ್ಸ್’ ಒಳಗೆ ನೋಟಿಫಿಕೇಷನ್ ಎಷ್ಟು ಹೊತ್ತು ನಿಲ್ಲಬೇಕು ಎಂದು ಆರಿಸಬಹುದು, 5 ಸೆಕೆಂಡಿನಿಂದ 5 ನಿಮಿಷದವರೆಗೆ. ನಾನಾದರೆ 30 ಸೆಕೆಂಡು ಇಡುತ್ತೇನೆ.

ಹೊರಗಿನ ಆಂಟಿವೈರಸ್ ಹಾಕಿದ್ದು ಮೂಕವಾಗಿದ್ದರೆ ಅದನ್ನು ಕಿತ್ತುಹಾಕುವ ಮುಂಚೆ ಎರಡು ದಾರಿ ಪ್ರಯತ್ನಿಸಬಹುದು. ಒಂದು, ಆಬ್ಜೆಕ್ಟ್ ನ್ಯಾವಿಗೇಷನ್: ಲ್ಯಾಪ್‌ಟಾಪ್ ಲೇಔಟ್‌ನಲ್ಲಿ ಎನ್‌ವಿಡಿಎ ಕೀ ಮತ್ತು ಶಿಫ್ಟ್ ಹಿಡಿದು ಬಾಣದ ಕೀಗಳಿಂದ ತಡಕುತ್ತಾ ಹೋಗಿ, ಬೇಕಾದ್ದು ಸಿಕ್ಕಾಗ ಎನ್‌ವಿಡಿಎ ಮತ್ತು ಎಂಟರ್. ಎರಡು, ಎನ್‌ವಿಡಿಎ ಮತ್ತು ಆರ್. ವಿಂಡೋಸ್‌ನ ಅಕ್ಷರ ಗುರುತಿಸುವ ಸೌಲಭ್ಯ ಬಳಸಿ ಇದು ಪರದೆಯ ಚಿತ್ರವನ್ನೇ ಓದುತ್ತದೆ. ಬಂದ ಪಠ್ಯದಲ್ಲಿ ‘ಸ್ಕ್ಯಾನ್’ ಎಂಬ ಪದದ ಮೇಲೆ ನಿಂತು ಎಂಟರ್ ಒತ್ತಿದರೆ ಅಲ್ಲಿ ಕ್ಲಿಕ್ ಆಗುತ್ತದೆ. ಕಷ್ಟಕಾಲಕ್ಕೆ ಆದೀತು, ದಿನಾ ಇದರಲ್ಲೇ ಏಗುವುದಾದರೆ ಆ ಆಂಟಿವೈರಸ್ ನಿಮಗಾಗಿ ಮಾಡಿದ್ದಲ್ಲ.

ಮಾತು ನಿಲ್ಲುವ ಜಾಗಗಳು

ಫೈಲ್ ತೆಗೆಯಲು ಹೊರಟಾಗ ವಿಂಡೋಸ್ ‘ನಿಜವಾಗಿಯೂ ಅನುಮತಿ ಕೊಡುತ್ತೀರಾ’ ಎಂದು ಕೇಳುತ್ತದಲ್ಲ, ಆಗ ಪರದೆ ಮಂಕಾಗಿ ಬೇರೆಯದೇ ಸುರಕ್ಷಿತ ಪರದೆಯೊಂದು ಬರುತ್ತದೆ. ಪೆನ್‌ಡ್ರೈವ್‌ನಿಂದ ಓಡಿಸುವ ಪೋರ್ಟಬಲ್ ಎನ್‌ವಿಡಿಎ ಅಲ್ಲಿ ಮಾತಾಡುವುದಿಲ್ಲ. ಕಂಪ್ಯೂಟರಿಗೆ ಸರಿಯಾಗಿ ಇನ್‌ಸ್ಟಾಲ್ ಮಾಡಿದ ಎನ್‌ವಿಡಿಎ ಮಾತಾಡುತ್ತದೆ. ‘ಕಂಪ್ಯೂಟರ್ ಹ್ಯಾಂಗ್ ಆಯ್ತು’ ಎಂದು ಗುಬ್ಬಿಯಿಂದಲೋ ಕುಣಿಗಲ್‌ನಿಂದಲೋ ತುಮಕೂರಿನ ಸರ್ವಿಸ್ ಸೆಂಟರಿಗೆ ಬಸ್ ಹತ್ತುವ ಮುಂಚೆ ಇದನ್ನು ನೋಡಿಕೊಳ್ಳಿ. ಹ್ಯಾಂಗ್ ಆಗದೆ, ಯಾರಾದರೂ ‘ಯೆಸ್’ ಒತ್ತಲೆಂದು ಅದು ಕಾಯುತ್ತಿರಬಹುದು. ಆಲ್ಟ್ ಮತ್ತು ವೈ ಒತ್ತಿದರೆ ಯೆಸ್. ಯಾವ ಪ್ರೋಗ್ರಾಂ ಕೇಳುತ್ತಿದೆ ಎಂದು ಕೇಳಿಸಿಕೊಳ್ಳದೆ ಮಾತ್ರ ಒತ್ತಬೇಡಿ. ಆ ಪರದೆಯಲ್ಲಿ ದನಿ, ವೇಗ ಬೇರೆಯಾಗಿ ಕೇಳಿ ಗಾಬರಿಯಾದರೆ ಎನ್‌ವಿಡಿಎಯ ಜನರಲ್ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಸೆಟ್ಟಿಂಗ್ಸ್ ಅನ್ನೇ ಲಾಗಿನ್ ಮತ್ತು ಸುರಕ್ಷಿತ ಪರದೆಗಳಿಗೂ ಬಳಸುವಂತೆ ಹೇಳುವ ಬಟನ್ ಇದೆ.

ಇನ್ನೊಂದು ಮೌನ ಡಿಫೆಂಡರ್‌ನ ‘ಆಫ್‌ಲೈನ್ ಸ್ಕ್ಯಾನ್’ ಮಾಡುವಾಗ. ಹಟಮಾರಿ ವೈರಸ್‌ಗೆ ಇದು ಒಳ್ಳೆಯ ಮದ್ದು. ಕಂಪ್ಯೂಟರ್ ಆಫ್ ಆಗಿ ಆನ್ ಆಗುತ್ತದೆ, ವಿಂಡೋಸ್ ಶುರುವಾಗುವ ಮೊದಲೇ ಹುಡುಕಾಟ ನಡೆಯುತ್ತದೆ. ಸುಮಾರು 15 ನಿಮಿಷ ಎನ್‌ವಿಡಿಎಗೆ ಅಲ್ಲಿ ಪ್ರವೇಶವಿಲ್ಲ. ಮಾಡುತ್ತಿದ್ದ ಕೆಲಸ ಸೇವ್ ಮಾಡಿ, ಚಾರ್ಜರ್ ಹಾಕಿ, ಎದ್ದು ಹೋಗಿ ಕಾಫಿ ಕುಡಿದು ಬನ್ನಿ. ಪವರ್ ಬಟನ್ ಒತ್ತಿ ಹಿಡಿಯುವ ಅವಸರ ಬೇಡ.

ಮಾತು ತಡವರಿಸುವುದು ಮೂರನೆಯದು. 4 ಜಿಬಿ ರ‍್ಯಾಮ್‌ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಫುಲ್ ಸ್ಕ್ಯಾನ್ ನಡೆಯುವಾಗ ಕೀ ಒತ್ತಿದ ಎಷ್ಟೋ ಹೊತ್ತಿಗೆ ದನಿ ಬರುತ್ತದೆ. ರೇಗಿಹೋಗಿ ಆಂಟಿವೈರಸ್ ಆಫ್ ಮಾಡುವವರು ಇದ್ದಾರೆ. ದಿನಕ್ಕೆ ಕ್ವಿಕ್ ಸ್ಕ್ಯಾನ್ ಸಾಕು. ಫುಲ್ ಸ್ಕ್ಯಾನ್ ರಾತ್ರಿ ಊಟಕ್ಕೆ ಏಳುವಾಗ ಹಚ್ಚಿ ಹೋಗಿ.

ಪೆನ್‌ಡ್ರೈವ್, ಕ್ರ್ಯಾಕ್, ಮತ್ತು ಕಿರುಚುವ ವೆಬ್ ಪುಟ

ನಮ್ಮ ಕಡೆ ವೈರಸ್ ಕಾಲಿಡುವ ಮುಖ್ಯ ಬಾಗಿಲು ಪೆನ್‌ಡ್ರೈವ್. ಹಾಲ್‌ಟಿಕೆಟ್ ಪ್ರಿಂಟ್ ತೆಗೆಸಲು ಬಿ.ಎಚ್. ರಸ್ತೆಯ ಜೆರಾಕ್ಸ್ ಅಂಗಡಿಗೆ ಕೊಟ್ಟ ಪೆನ್‌ಡ್ರೈವ್ ಹಾಲ್‌ಟಿಕೆಟ್ ಜೊತೆಗೆ ಇನ್ನೇನನ್ನೋ ಹೊತ್ತು ಬರುತ್ತದೆ. ಅದರಲ್ಲಿ ಬಹಳ ಹಳೆಯ ಪರಿಚಯಸ್ಥ ಶಾರ್ಟ್‌ಕಟ್ ವೈರಸ್: ನಿಮ್ಮ ಫೋಲ್ಡರ್‌ಗಳನ್ನು ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಆ ಜಾಗದಲ್ಲಿ ಇಡುತ್ತದೆ. ಎಂಟರ್ ಒತ್ತಿದಿರೋ, ವೈರಸ್ ಓಡಲು ಶುರು.

ಇದನ್ನು ಹಿಡಿಯುವುದರಲ್ಲಿ ಕಿವಿ ಕಣ್ಣಿಗಿಂತ ಮುಂದು. ಕಾಣುವವರು ಐಕಾನ್ ಮೂಲೆಯ ಪುಟ್ಟ ಬಾಣವನ್ನು ಗಮನಿಸುವುದೇ ಇಲ್ಲ. ನೀವು ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಕಂಟ್ರೋಲ್, ಶಿಫ್ಟ್, 6 ಒತ್ತಿ ‘ಡೀಟೇಲ್ಸ್’ ನೋಟಕ್ಕೆ ಬನ್ನಿ. ಈಗ ಬಾಣದ ಕೀ ಒತ್ತಿದಾಗಲೆಲ್ಲ ಹೆಸರು, ದಿನಾಂಕ, ಬಗೆ, ಗಾತ್ರ ಎಲ್ಲ ಕೇಳಿಸುತ್ತದೆ. ‘ಪಾಠಗಳು, ಫೈಲ್ ಫೋಲ್ಡರ್’ ಎನ್ನಬೇಕಾದಲ್ಲಿ ‘ಪಾಠಗಳು, ಶಾರ್ಟ್‌ಕಟ್, 2 ಕೆಬಿ’ ಎಂದರೆ ಅಲ್ಲೇ ನಿಲ್ಲಿ. ಹಾಗೆಯೇ ಫೈಲ್ ಹೆಸರಿನ ಬಾಲ ಕೇಳಿಸುವಂತೆ ‘ವ್ಯೂ’ ಮೆನುವಿನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಆನ್ ಮಾಡಿಕೊಳ್ಳಿ. ಫೋಟೋ ಎಂದು ಬಂದ ಫೈಲ್‌ನ ಕೊನೆಯಲ್ಲಿ ‘ಡಾಟ್ ಇ ಎಕ್ಸ್ ಇ’ ಕೇಳಿಸಿದರೆ ಅದು ಫೋಟೋ ಅಲ್ಲ.

ಪೆನ್‌ಡ್ರೈವ್ ಹೆಸರಿನ ಮೇಲೆ ನಿಂತು ಶಿಫ್ಟ್ ಮತ್ತು ಎಫ್10 ಒತ್ತಿದರೆ ಬರುವ ಮೆನುವಿನಲ್ಲಿ ‘ಸ್ಕ್ಯಾನ್ ವಿತ್ ಮೈಕ್ರೋಸಾಫ್ಟ್ ಡಿಫೆಂಡರ್’ ಇರುತ್ತದೆ. ಸ್ಕ್ಯಾನ್ ಆದ ಮೇಲೆ ಅಡಗಿದ ಫೋಲ್ಡರ್‌ಗಳನ್ನು ಹೊರತರಬೇಕು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಪೆನ್‌ಡ್ರೈವ್‌ನ ಅಕ್ಷರಕ್ಕೆ ಹೋಗಿ, ಉದಾಹರಣೆಗೆ ‘ಇ ಕೋಲನ್’ ಎಂಟರ್. ಆಮೇಲೆ ‘ಅಟ್ರಿಬ್’, ಸ್ಪೇಸ್, ಮೈನಸ್ ಹೆಚ್, ಸ್ಪೇಸ್, ಮೈನಸ್ ಆರ್, ಸ್ಪೇಸ್, ಮೈನಸ್ ಎಸ್, ಸ್ಪೇಸ್, ಸ್ಲ್ಯಾಷ್ ಎಸ್, ಸ್ಪೇಸ್, ಸ್ಲ್ಯಾಷ್ ಡಿ, ಸ್ಪೇಸ್, ಸ್ಟಾರ್ ಡಾಟ್ ಸ್ಟಾರ್, ಎಂಟರ್. ಸಾಲಿನ ಮೊದಲಲ್ಲಿ ‘ಇ’ ಕೇಳಿಸಿತೇ ಎಂದು ಖಾತ್ರಿ ಮಾಡಿಕೊಂಡೇ ಒತ್ತಿ. ‘ಸಿ’ಯಲ್ಲಿ ನಿಂತು ಈ ಕೆಲಸ ಮಾಡಬಾರದು.

ಇನ್ನು ಕ್ರ್ಯಾಕ್. ಜಾಸ್ ಎಂಬ ಸ್ಕ್ರೀನ್ ರೀಡರ್ ದುಬಾರಿ, ಲೈಸೆನ್ಸ್ ಇಲ್ಲದಿದ್ದರೆ 40 ನಿಮಿಷ ಓಡಿ ನಿಲ್ಲುತ್ತದೆ, ಮತ್ತೆ ಬೇಕೆಂದರೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಬೇಕು. ಹಾಗಾಗಿ ಕ್ರ್ಯಾಕ್ ಮಾಡಿದ ಪ್ರತಿಗಳು ಟೆಲಿಗ್ರಾಂ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕೈಯಿಂದ ಕೈಗೆ ಓಡಾಡುತ್ತವೆ. ಜೊತೆಗೊಂದು ಸೂಚನೆ: ‘ಮೊದಲು ಆಂಟಿವೈರಸ್ ಆಫ್ ಮಾಡಿ’. ಆ ಒಂದು ಸಾಲು ಸಾಕು, ಫೈಲ್ ಡಿಲೀಟ್ ಮಾಡಲು. ನೀವು ಒತ್ತುವ ಪ್ರತಿ ಕೀಯನ್ನೂ ಬಲ್ಲ ಪ್ರೋಗ್ರಾಂ ಇದು. ಅದರೊಳಗೆ ಗುರುತಿಲ್ಲದವರು ಕೈಯಾಡಿಸಿದ್ದಾರೆ ಎಂದರೆ ಬ್ಯಾಂಕ್ ಪಾಸ್‌ವರ್ಡ್ ಅವರ ಕೈಗೆ ಕೊಟ್ಟಂತೆಯೇ. ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ 2006ರಲ್ಲಿ ಶುರುಮಾಡಿದ ಎನ್‌ವಿಡಿಎ ಪೂರ್ತಿ ಉಚಿತ, ಮೆನುಗಳೂ ಕನ್ನಡದಲ್ಲಿವೆ, ಜೊತೆಗೆ ಬರುವ ಇಸ್ಪೀಕ್ ದನಿ ಕನ್ನಡ ಓದುತ್ತದೆ. ಕದ್ದದ್ದು ಯಾಕೆ ಬೇಕು?

ಎನ್‌ವಿಡಿಎಯನ್ನೇ ಆಂಟಿವೈರಸ್ ಹಿಡಿದು ಹಾಕಿದರೆ? ಆಗುವುದುಂಟು, ಆಡ್‌ಆನ್‌ಗಳ ವಿಷಯದಲ್ಲಿ ಇನ್ನೂ ಹೆಚ್ಚು. ಸಿಟ್ಟಿನಲ್ಲಿ ಆಂಟಿವೈರಸ್ ಆಫ್ ಮಾಡಬೇಡಿ. ಎನ್‌ವಿಡಿಎ ತಯಾರಿಸುವ ಎನ್‌ವಿ ಆ್ಯಕ್ಸೆಸ್ ಸಂಸ್ಥೆಯ ಸ್ವಂತ ತಾಣದಿಂದ ಮತ್ತೆ ಇಳಿಸಿಕೊಳ್ಳಿ. ಫೈಲ್ ಮೇಲೆ ಆಲ್ಟ್ ಮತ್ತು ಎಂಟರ್ ಒತ್ತಿ, ‘ಡಿಜಿಟಲ್ ಸಿಗ್ನೇಚರ್ಸ್’ ಪುಟದಲ್ಲಿ ಎನ್‌ವಿ ಆ್ಯಕ್ಸೆಸ್ ಹೆಸರು ಇದೆಯೇ ಕೇಳಿ. ಇದ್ದರೆ ಪ್ರೊಟೆಕ್ಷನ್ ಹಿಸ್ಟರಿಗೆ ಹೋಗಿ ಆ ಒಂದನ್ನು ಮಾತ್ರ ವಾಪಸ್ ತನ್ನಿ. ಡೌನ್‌ಲೋಡ್ಸ್ ಫೋಲ್ಡರನ್ನೇ ಸ್ಕ್ಯಾನ್‌ನಿಂದ ಹೊರಗಿಡುವ ಸಲಹೆ ಕೊಡುವವರ ಮಾತು ಕೇಳಬೇಡಿ.

ಮೂರನೆಯ ಕಾಟ ಕಣ್ಣಿಗಿಂತ ಕಿವಿಗೆ ಕೆಟ್ಟದ್ದು. ಯಾವುದೋ ಸಿನಿಮಾ ತಾಣದಲ್ಲಿ ಲಿಂಕ್ ಒತ್ತಿದ ತಕ್ಷಣ ಗಟ್ಟಿ ದನಿಯೊಂದು ‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ’ ಎಂದು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಕಿರುಚತೊಡಗುತ್ತದೆ. ಅದರಡಿ ಸ್ಕ್ರೀನ್ ರೀಡರ್ ದನಿ ಹೂತುಹೋಗುತ್ತದೆ. ಕಂಟ್ರೋಲ್ ಒತ್ತಿದರೆ ನಿಲ್ಲುವುದು ಸ್ಕ್ರೀನ್ ರೀಡರ್ ಮಾತ್ರ, ಆ ಕಿರುಚಾಟ ಅಲ್ಲ. ಎಸ್ಕೇಪ್ ಒತ್ತಿ ಹಿಡಿಯಿರಿ, ಆಮೇಲೆ ಕಂಟ್ರೋಲ್ ಮತ್ತು ಡಬ್ಲ್ಯು, ಅದಕ್ಕೂ ಬಗ್ಗದಿದ್ದರೆ ಆಲ್ಟ್ ಮತ್ತು ಎಫ್4. ಎನ್‌ವಿಡಿಎ, ಶಿಫ್ಟ್, ಡಿ ಒತ್ತಿ ‘ಆಡಿಯೋ ಡಕಿಂಗ್’ ಮೊದಲೇ ಆನ್ ಮಾಡಿಟ್ಟಿದ್ದರೆ ಸ್ಕ್ರೀನ್ ರೀಡರ್ ಮಾತಾಡುವಾಗ ಉಳಿದ ದನಿಗಳು ತಗ್ಗುತ್ತವೆ. ಡಿಫೆಂಡರ್ ಮನುಷ್ಯರ ದನಿಯಲ್ಲಿ ಕೂಗುವುದಿಲ್ಲ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಕೊಡುವುದಿಲ್ಲ.

ಹಾಗೆ ಕರೆ ಮಾಡಿದವರನ್ನು ವಂಚಕರು ದೂರದಿಂದ ಕಂಪ್ಯೂಟರ್ ನೋಡುವ ಪ್ರೋಗ್ರಾಂ ಹಾಕಿಸಿಕೊಳ್ಳಲು ಒತ್ತಾಯಿಸುತ್ತಾರೆ. ದೂರದ ಸಹಾಯವೇ ಕೆಟ್ಟದ್ದೆಂದಲ್ಲ. ಎನ್‌ವಿಡಿಎ 2025.1ರಿಂದ ‘ರಿಮೋಟ್ ಆ್ಯಕ್ಸೆಸ್’ ಒಳಗೇ ಬಂದಿದೆ. ಕುಣಿಗಲ್‌ನ ಗೆಳೆಯನ ಲ್ಯಾಪ್‌ಟಾಪಿನ ಮೂಕ ಆಂಟಿವೈರಸ್ಸನ್ನು ತುಮಕೂರಿನಲ್ಲಿ ಕೂತು ಕೇಳಿ, ಕೀ ಒತ್ತಿ, ಸರಿಪಡಿಸಬಹುದು. ಅದಕ್ಕೆ ಬೇಕಾದ, ಪಾಸ್‌ವರ್ಡಿನಂಥ ಗುಟ್ಟಿನ ‘ಕೀ’ಯನ್ನು ಮುಖ ಪರಿಚಯ ಇದ್ದವರಿಗಷ್ಟೇ ಹೇಳಿ, ಕೆಲಸ ಮುಗಿದೊಡನೆ ಸಂಪರ್ಕ ಕಡಿಯಿರಿ. ಊರಲ್ಲೇ ಆಗಬೇಕೆಂದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ತರಬೇತಿ ಪಡೆದವರತ್ತ ದಾರಿ ತೋರಿಸಿಯಾರು.

ಫೋನ್ ಬಗ್ಗೆ ಚಿಕ್ಕದಾಗಿ

ಆಂಡ್ರಾಯ್ಡ್‌ಗೆ ಬೇರೆ ಆಂಟಿವೈರಸ್ ಬೇಡ. ಪ್ಲೇ ಸ್ಟೋರ್‌ನಲ್ಲಿರುವ ಪ್ಲೇ ಪ್ರೊಟೆಕ್ಟ್ ಸಾಕು, ಫೋನಿನ ಸ್ಕ್ರೀನ್ ರೀಡರ್ ಆದ ಟಾಕ್‌ಬ್ಯಾಕ್ ಅದನ್ನು ಓದುತ್ತದೆ. ಅಪಾಯ ಇರುವುದು ‘ಆ್ಯಕ್ಸೆಸಿಬಿಲಿಟಿ’ ಎಂಬ ಅನುಮತಿಯಲ್ಲಿ. ಟಾಕ್‌ಬ್ಯಾಕ್ ಕೆಲಸ ಮಾಡುವುದು ಅದೇ ಅನುಮತಿಯಿಂದ. ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್, ಪಿಎಂ ಕಿಸಾನ್ ಎಂದು ಬರುವ ಎಪಿಕೆ ಫೈಲ್‌ಗಳು ಕೇಳುವುದೂ ಅದನ್ನೇ. ಕೊಟ್ಟರೆ ಪರದೆ ಓದಿ, ತಾವೇ ಬಟನ್ ಒತ್ತಿ, ಖಾತೆ ಬಳಿದುಕೊಳ್ಳುತ್ತವೆ. ‘ಅಲೌ’ ಕೊಟ್ಟು ರೂಢಿಯಾದ ಕೈ ಇಲ್ಲೂ ‘ಅಲೌ’ ಒತ್ತಿಬಿಡುತ್ತದೆ. ಆಂಡ್ರಾಯ್ಡ್ 13ರಿಂದ ಹೊರಗಿನಿಂದ ಹಾಕಿದ ಆ್ಯಪ್‌ಗಳಿಗೆ ಈ ಅನುಮತಿ ಸುಲಭಕ್ಕೆ ಸಿಗದಂತೆ ತಡೆ ಇದೆ. ಆ ತಡೆ ತೆಗೆಯುವುದು ಹೇಗೆಂದು ಯಾರಾದರೂ ಫೋನಿನಲ್ಲಿ ಹೇಳಿಕೊಡಲು ಬಂದರೆ ಫೋನ್ ಇಟ್ಟುಬಿಡಿ. ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿ ಪಟ್ಟಿಯನ್ನು ತಿಂಗಳಿಗೊಮ್ಮೆ ಕೇಳಿ, ಗುರುತಿಲ್ಲದ ಹೆಸರಿದ್ದರೆ ಆಫ್ ಮಾಡಿ.

ಕೊಂಡ ಆಂಟಿವೈರಸ್ ಮಾತಾಡದಿದ್ದರೆ ಕಂಪನಿಗೆ ಬರೆಯಿರಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದೆ. ಸಾಫ್ಟ್‌ವೇರ್ ಎಲ್ಲರಿಗೂ ಬಳಕೆಯಾಗುವಂತಿರಬೇಕೆಂಬ ಭಾರತೀಯ ಮಾನಕ ಐಎಸ್ 17802 ಇದೆ. ಡಿಜಿಟಲ್ ಸೌಲಭ್ಯ ತಲುಪುವುದು ಸಂವಿಧಾನದ 21ನೇ ವಿಧಿಯ ಬದುಕಿನ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಇ-ಕೆವೈಸಿ ಪ್ರಕರಣದಲ್ಲಿ ಹೇಳಿದೆ. ಯಾವ ಆವೃತ್ತಿ, ಯಾವ ಸ್ಕ್ರೀನ್ ರೀಡರ್, ಯಾವ ಬಟನ್‌ಗೆ ಹೆಸರಿಲ್ಲ ಎಂದು ಬಿಡಿಸಿ ಬರೆದ ನಾಲ್ಕು ಸಾಲು ಬರಿಯ ಬೈಗುಳಕ್ಕಿಂತ ಹೆಚ್ಚು ದೂರ ಹೋಗುತ್ತದೆ.

ಇಂಥ ವಂಚನೆಯಲ್ಲಿ ಹಣ ಹೋಗಿಯೇಬಿಟ್ಟಿದ್ದರೆ ಮೊದಲು ಇಂಟರ್‌ನೆಟ್ ಕಡಿದು, ಇನ್ನೊಂದು ಫೋನಿನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬ್ಯಾಂಕಿನ ಹೆಸರು, ಹೋದ ಮೊತ್ತ, ಹೊತ್ತು, ಎಸ್‌ಎಂಎಸ್‌ನಲ್ಲಿ ಬಂದ ವ್ಯವಹಾರದ ನಂಬರ್ ಕೈಗೆ ಸಿಗುವಂತಿರಲಿ. ಬೇಗ ಹೇಳಿದಷ್ಟೂ ಹಣ ಮುಂದಿನ ಖಾತೆಗೆ ದಾಟುವ ಮೊದಲೇ ತಡೆಯುವ ಸಾಧ್ಯತೆ ಹೆಚ್ಚು.